ದಾವಲಸಾಬನ ಗಾದಿ ಅಂಗಡಿ

ಹೊಳೆಯ ದಂಡೆಯ ಮಠದಲ್ಲಿ ನೀಲಕಂಠ ಎಂಬ ಶಿಷ್ಯನಿದ್ದ. ಊರಿನ ಪಿಂಜಾರ ಓಣಿಯಲ್ಲಿ ಅವನಿಗೊಬ್ಬ ಗೆಳೆಯ. ಹೆಸರು ದಾವಲಸಾಬ. ಹತ್ತಿ ಹಿಂಜಿ ಗಾದಿ ಹೊಲಿಯುವ ಸಣ್ಣ ಅಂಗಡಿ ಅವನದು.

ದಾವಲಸಾಬ ಜ್ವರ ಬಂದು ತೀರಿಕೊಂಡ.

ಶೋಕದ ದಿನಗಳು ಮುಗಿದ ಮೇಲೆ ಅವನ ಹೆಂಡತಿ ಹುಸೇನವ್ವ ನೀಲಕಂಠನನ್ನು ಕರೆಸಿದಳು. ಅಂಗಡಿಯ ಮುಂದೆ ದಾವಲಸಾಬನ ಅಣ್ಣ ಮೌಲಾಸಾಬ ಕೂತಿದ್ದ. ಓಣಿಯ ಹಿರಿಯರೂ ಇದ್ದರು.

"ಅಂಗಡಿ ಮುಚ್ಚು ಅಂತಾರ ನಮ್ಮ ಭಾವ. ನಡಸು ಅಂತಾರ ಓಣ್ಯಾಗಿನವರು," ಎಂದಳು ಹುಸೇನವ್ವ. "ಇಬ್ಬರೂ ತಾವು ಹೇಳಿದ್ದ ನಮ್ಮನಿಯವರ ಆಸೆ ಅಂತಾರ. ನೀವು ಅವರ ದೋಸ್ತರು. ಅವರ ಮನಸಿನ್ಯಾಗ ಏನಿತ್ತು, ನೀವ ಹೇಳ್ರಿ ಅಣ್ಣಾರ."

"ನೀ ಹೇಳಿದ್ದ ಕಡೀ ಮಾತು," ಎಂದ ಮೌಲಾಸಾಬ.

"ನಾಳೆ ಹೇಳ್ತೀನಿ," ಎಂದು ನೀಲಕಂಠ ಎದ್ದು ಬಂದ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಹೊಳೆಯಲ್ಲಿ ನಿಂತು ಧೋತರ ಒಗೆಯುತ್ತಿದ್ದರು. ಶಿಷ್ಯನ ಮುಖ ನೋಡಿ ಧೋತರದ ಒಂದು ತುದಿ ಅವನ ಕೈಗೆ ಕೊಟ್ಟರು.

ಇಬ್ಬರೂ ಹಿಂಡತೊಡಗಿದರು. ನೀಲಕಂಠ ಅಂಗಡಿಯ ಸಂಗತಿಯನ್ನೆಲ್ಲ ಹೇಳಿದ.

"ದಾವಲನ ಆಸೆ ಏನಿತ್ತು ಅಂತ ನನಗ ತಿಳೀವಲ್ದು ಅಜ್ಜಾರ."

"ನೆನಪ ಮಾಡಿಕೊ."

"ನೆನಪು ಬೇಕಾದಷ್ಟು ಅದಾವ್ರಿ. ಹುಬ್ಬಿನ ತುಂಬ ಹತ್ತಿ ಕೂಡಿಸಿಕೊಂಡು ನಗತಿದ್ದ. ಹೊಸಾ ಗಾದಿ ಹೊಲಿದ ಕೂಡಲೇ ನನ್ನ ಅದರ ಮ್ಯಾಲ ಕೆಡವಿ, ಎಲ್ಲೆರ ಗಂಟು ಒತ್ತತೈತೇನು ಹೇಳು ಅಂತಿದ್ದ. ಊರಾಗಿನ ಎಷ್ಟೋ ಮದವಿ ಗಾದಿ ಮ್ಯಾಲ ಮೊದಲ ಮಲಗಿದವ ನಾನ."

ಅಜ್ಜಾರು ನಕ್ಕರು. "ಅಂಗಡಿ ಬಗ್ಗೆ ಏನಂದಿದ್ದ?"

"ಒಂದಿನ, ಧೂಳ ಕುಡದು ಸಾಕಾಗೇತಿ, ಈ ಕೆಲಸ ನನ್ನ ಕೂಡನ ಮುಗೀಲಿ ಅಂದ. ಅದ ವಾರದಾಗ ಹತ್ತಿ ಹಿಂಜೂ ಬಿಲ್ಲಿಗೆ ಹೊಸಾ ನರದ ಹುರಿ ಕಟ್ಟಿದ. ಮಧ್ಯಾಹ್ನ ಪೂರ್ತಿ ಅದನ್ನ ಮೀಟಿಕೋತ ಕುಂತಿದ್ದ. ಏನ್ ಖುಷಿ ಇತ್ತೋ ಮಾರಿ ಮ್ಯಾಲ!"

"ಯಾವುದು ಖರೆ?"

"ಎರಡೂ ಖರೆ ಅನಸ್ತೈತ್ರಿ."

"ನೀ ಅವನ್ನ ಕೇಳಲಿಲ್ಲೇನು?"

"ಸಾಯ್ತಾನಂತ ಗೊತ್ತಿರಲಿಲ್ಲರಿ."

ಅಜ್ಜಾರು ಧೋತರವನ್ನು ಕೊಡವಿ ಬಂಡೆಯ ಮೇಲೆ ಹರವಿದರು.

"ಹೋಗಿ ಹೇಳು."

"ಏನಂತ ಹೇಳ್ಲಿ?"

"ಗೊತ್ತಿಲ್ಲ ಅಂತ."

"ಇಷ್ಟು ವರ್ಷದ ಗೆಳ್ಯಾ ಹಂಗಂದ್ರ ಮಂದಿ ನಗೂದಿಲ್ಲೇನ್ರಿ?"

"ನಗಬಹುದು," ಎಂದರು ಅಜ್ಜಾರು.

ಮರುದಿನ ನೀಲಕಂಠ ಅಂಗಡಿಗೆ ಹೋದ. ಎಲ್ಲರೂ ಕಾದಿದ್ದರು.

"ದಾವಲನ ಮನಸಿನ್ಯಾಗ ಏನಿತ್ತೋ ನನಗ ಗೊತ್ತಿಲ್ಲ ತಂಗೆವ್ವಾ," ಎಂದ. ಬಿಲ್ಲಿಗೆ ಹೊಸ ನರ ಕಟ್ಟಿದ್ದನ್ನೂ ಹೇಳಿದ, ಸಾಕಾಗಿದೆ ಅಂದದ್ದನ್ನೂ ಹೇಳಿದ.

ಮೌಲಾಸಾಬನಿಗೆ ಸಿಟ್ಟು ಬಂತು. "ದಿನಾ ಬಂದು ಇಲ್ಲೇ ಕುಂದರತಿದ್ದಿ. ಇಷ್ಟೂ ಗೊತ್ತಿಲ್ಲೇನು? ಎಂಥಾ ದೋಸ್ತಿ ನಿಂದು?"

ನೀಲಕಂಠ ತಲೆ ತಗ್ಗಿಸಿದ.

ಹುಸೇನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನನಗೂ ಗೊತ್ತಿಲ್ಲ ಅಣ್ಣಾರ," ಎಂದಳು. "ಹಂಗ ಅಂದ್ರ ಎಂಥಾ ಹೇಣ್ತಿ ಅಂದಾರಂತ ಅಂಜಿದ್ದೆ."

ಅವಳು ಎದ್ದು ನಿಂತಳು.

"ಅಂಗಡಿ ನಾ ನಡಸ್ತೀನಿ ಭಾವಾ," ಎಂದಳು ಅವಳು. "ಅವರ ಆಸೆ ಅಂತಲ್ಲ. ಅವರ ಆಸೆ ಏನಿತ್ತೋ ದೇವರಿಗೇ ಗೊತ್ತು. ನನಗ ಬೇಕಾಗೇತಿ."

ಮೌಲಾಸಾಬ ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಒಳಗೆ ಹೋಗಿ ಹತ್ತಿಯ ಮೂಟೆಯ ಬಾಯಿ ಬಿಚ್ಚುತ್ತಿದ್ದಳು.

ನೀಲಕಂಠ ಮಠಕ್ಕೆ ಮರಳಿದ. ಅಜ್ಜಾರು ದಂಡೆಯ ಮೇಲೆ ಕೂತಿದ್ದರು. ಅವನೂ ಪಕ್ಕದಲ್ಲಿ ಕೂತ.

"ಏನಾತು?"

"ಹುಸೇನವ್ವ ಅಂಗಡಿ ನಡಸ್ತಾಳಂತ್ರಿ."

"ಛಲೋ ಆತಲ್ಲ. ಮತ್ತ ಮಾರಿ ಯಾಕ ಸಣ್ಣದ ಮಾಡೀದಿ?"

"ಆಕೀಗೆ ದಾರಿ ಸಿಕ್ತು ಅಜ್ಜಾರ. ನನಗ ಇನ್ನಷ್ಟು ಗೊಂದಲ ಆತು. ದಾವಲ ಎಂಥಾವ ಇದ್ದ, ಏನ್ ಬೇಕಾಗಿತ್ತು ಅವಗ, ಒಂದೂ ತಿಳೀಲಿಲ್ಲ. ಸತ್ತಾಗಿಂದ ಒಂದ ಹನಿ ಕಣ್ಣೀರ ಬಂದಿಲ್ಲ. ತಿಳೀಲಾರದವನ್ನ ನೆನಸಿ ಹೆಂಗ ಅಳ್ಲಿ?"

ಅಜ್ಜಾರು ಶಿಷ್ಯನ ಬೆನ್ನ ಮೇಲೆ ಕೈ ಇಟ್ಟರು.

"ತಿಳೀಲಾರದನ ಇಷ್ಟು ವರ್ಷ ಅವನ್ನ ಹಚ್ಚಿಕೊಂಡಿದ್ದಿ. ಅಳಾಕ ಮಾತ್ರ ತಿಳೀಬೇಕೇನು?"