ಮೂರನೇ ಕೋಡು

ನೀವು ಹೂಂ ಅಂದರೂ ಹೇಳುತ್ತೇನೆ, ಉಹೂಂ ಅಂದರೂ ಹೇಳುತ್ತೇನೆ. ಬಾಯಿಗೆ ಬಂದ ಕತೆಯನ್ನು ನುಂಗಿಕೊಂಡು ಕೂರುವ ಅಭ್ಯಾಸ ನನಗಿಲ್ಲ.

ಗಾಳಿಗುಡ್ಡ ಅಂತ ಒಂದು ಬೆಟ್ಟ. ಅದರ ಬುಡದಲ್ಲಿ ಒಂದು ಊರು. ಆ ಊರಿನಲ್ಲಿ ಹೊಂಬಾಳಮ್ಮ ಅಂತ ಒಬ್ಬ ತಾಯಿ, ಅವಳಿಗೆ ಚಿಕ್ಕೀರ ಅಂತ ಒಬ್ಬನೇ ಮಗ. ಆಳು ಬಾಗಿಲ ತುಂಬ ಬರುವಷ್ಟಿದ್ದ. ವಯಸ್ಸು ಇಪ್ಪತ್ತೈದಾಗಿತ್ತು. ಬುದ್ಧಿ ಮಾತ್ರ ಹೊರಟಿತ್ತು, ಇನ್ನೂ ಬಂದು ಮುಟ್ಟಿರಲಿಲ್ಲ. ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಬಂದದ್ದು ತೊಂದರೆ!

"ಒಲೆ ಮೇಲಿನ ಹಾಲು ಉಕ್ಕೋದನ್ನ ನೋಡ್ತಾ ಇರು" ಅಂತ ಹೇಳಿ ಅವ್ವ ನೀರಿಗೆ ಹೋದಳು. ಬಂದು ನೋಡಿದರೆ ಒಲೆ ಆರಿತ್ತು, ಪಾತ್ರೆ ಬರಿದಾಗಿತ್ತು.

"ಏನ್ಲಾ ಇದು?"

"ನೋಡಿದೆ ಕಣವ್ವ. ಚೆನ್ನಾಗಿ ಉಕ್ತು!"

"ಅಯ್ಯೋ ನನ್ನ ಹಣೆಬರಹವೇ!" ಅಂದಳು ಹೊಂಬಾಳಮ್ಮ. ದಿನಕ್ಕೆ ನಾಲ್ಕು ಸಲವಾದರೂ ಅನ್ನುತ್ತಿದ್ದಳು.

ಹೊಂಬಾಳಮ್ಮನಿಗೆ ಒಂದೇ ಒಂದು ಆಸೆಯಿತ್ತು. ಅವಳ ತವರು ಗಾಳಿಗುಡ್ಡದ ಆಚೆ. ಅಲ್ಲಿ ಮೂರು ಕೋಡಿನ ಬೆಟ್ಟವಿದೆ, ಮುಕ್ಕೋಡು ಬೆಟ್ಟ ಅಂತ. ಮೂರನೇ ಕೋಡಿನ ಬುಡದಲ್ಲೇ ಅವಳು ಹುಟ್ಟಿದ ಮನೆ. ಹದಿನಾರಕ್ಕೆ ಮದುವೆಯಾಗಿ, ಗುಡ್ಡ ಹತ್ತಿ ಇಳಿದು ಈಚೆಗೆ ಬಂದವಳು. ಅಪ್ಪ ಅವ್ವ ಹೋದರು, ಅಣ್ಣ ಊರು ಬಿಟ್ಟ, ಮನೆಯೂ ಕುಸಿಯಿತು. ಬಾ ಅನ್ನುವವರಿಲ್ಲದ ಊರಿಗೆ ಹೋಗಿ ಮಾಡುವುದೇನು? ಆದರೆ ನೋಡಬೇಕು ಅನ್ನಿಸುವುದು ನಿಲ್ಲುತ್ತದೆಯೇ? ಮೊದಲೆಲ್ಲ ವರ್ಷಕ್ಕೊಂದು ಸಲ, ಆಷಾಢದಲ್ಲಿ, ಗಾಳಿಗುಡ್ಡ ಹತ್ತಿ ಆ ಮೂರು ಕೋಡು ಕಣ್ತುಂಬ ನೋಡಿಕೊಂಡು ಬರುತ್ತಿದ್ದಳು. ಹತ್ತು ವರ್ಷದಿಂದ ಮಂಡಿ ಕೈಕೊಟ್ಟಿತ್ತು. ಈಗ ಸಂಜೆ ಹೊತ್ತು ಜಗಲಿ ಮೇಲೆ ಕೂತು, ಅಡ್ಡ ನಿಂತ ಗುಡ್ಡವನ್ನೇ ನೋಡುತ್ತಿದ್ದಳು. ಆಚೆಯಿಂದ ಮೋಡ ತಲೆಯೆತ್ತಿದರೆ ಸಾಕು, "ನಮ್ಮೂರ ಮೋಡ" ಅನ್ನುತ್ತಿದ್ದಳು.

ಆ ವರ್ಷ ಆಷಾಢದಲ್ಲಿ ಪೇಟೆಯಿಂದ ಸೇತುರಾಮಯ್ಯ ಮೇಷ್ಟ್ರು ಬಂದರು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಕ್ಯಾಮೆರಾ ಹುಚ್ಚು. ಎಲ್ಲರೂ ಮಳೆ ಬಂದರೆ ಒಳಗೆ ಓಡಿದರೆ, ಇವರು ಹೊರಗೆ ಓಡುವವರು. ಗುಡ್ಡದ ಮೇಲೆ ನಿಂತು ಮೋಡ, ಸಿಡಿಲು, ಬಿರುಗಾಳಿ ಎಲ್ಲ ಹಿಡಿಯಬೇಕು, ಸಾಮಾನು ಹೊರುವುದಕ್ಕೆ ಒಬ್ಬ ಆಳು ಬೇಕು ಅಂದರು.

"ನನ್ನ ಮಗನ್ನ ಕರ್ಕೊಂಡೋಗಿ ಮೇಷ್ಟ್ರೇ. ಕೂಲಿ ಬೇಡ. ಮುಕ್ಕೋಡು ಬೆಟ್ಟದ್ದು ಒಂದು ಪಟ ತೆಕ್ಕೊಡಿ. ಮೂರೂ ಕೋಡು ಕಾಣ್ಬೇಕು!"

"ಒಂದು ರೋಲಿಗೆ ಮೂವತ್ತಾರು ಚಿತ್ರ ಹೊಂಬಾಳಮ್ಮ. ಅದರಲ್ಲೊಂದು ನಿಮ್ಮದು" ಅಂದರು ಮೇಷ್ಟ್ರು.

ಹೊಂಬಾಳಮ್ಮ ಮಗನ ಕಿವಿ ಹಿಡಿದು ಹೇಳಿದಳು: "ನೋಡ್ಲಾ, ಹೊಸ ರಾಗಿ ಬಂದಾಗ ದೇವ್ರಿಗೆ ಮೀಸಲು ತೆಗೆದಿಡ್ತೀವಲ್ಲ? ಅದನ್ನ ಯಾರಾದ್ರೂ ಮುಟ್ತಾರಾ?"

"ಇಲ್ಲ ಕಣವ್ವ."

"ಹಂಗೇ ಆ ಮೂರನೇ ಕೋಡು ನನಗೆ ಮೀಸಲು. ಮೇಷ್ಟ್ರು ತೆಗೆಯೋರು, ಅವರು ನೋಡ್ಲಿ. ನೀನು ಮಾತ್ರ ನನಗಿಂತ ಮೊದ್ಲು ನೋಡಿ ಎಂಜಲು ಮಾಡಬೇಡ."

"ಆಯ್ತು ಕಣವ್ವ!"

ಮೊದಲನೇ ದಿನ ಗುಡ್ಡದ ನೆತ್ತಿಯಲ್ಲಿ ಗಾಳಿಯೋ ಗಾಳಿ. ಮೇಷ್ಟ್ರು ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿ, "ಇದು ಅಲುಗಾಡಬಾರದು. ಗಟ್ಟಿಯಾಗಿ ಹಿಡ್ಕೋ. ಏನೇ ಆಗಲಿ ಬಿಡಬೇಡ" ಅಂದರು. ಚಿಕ್ಕೀರ ಹಿಡಿದ. ಹತ್ತು ಚಿತ್ರ ತೆಗೆದರು. ಅಷ್ಟರಲ್ಲಿ ಮಳೆ ಸುರಿಯಿತು ನೋಡಿ! ಮೇಷ್ಟ್ರು ಕ್ಯಾಮೆರಾ ಬಿಚ್ಚಿ ಎದೆಗವಚಿಕೊಂಡು ಬಂಡೆಯ ಕೆಳಗೆ ಓಡಿದರು.

"ಚೀಲ ತಗೊಂಡು ಬಾರೋ!"

"ಬಿಡಬೇಡ ಅಂದ್ರಲ್ಲ ಮೇಷ್ಟ್ರೇ!"

"ಬಾರೋ ಅಂದರೆ!"

"ಬಿಡಲ್ಲ ಮೇಷ್ಟ್ರೇ!"

ಬರಿಯ ಸ್ಟ್ಯಾಂಡನ್ನು ತಬ್ಬಿಕೊಂಡು ನಿಂತೇ ನಿಂತ. ಕಾಲಬುಡದಲ್ಲಿದ್ದ ಚೀಲದಲ್ಲಿ ಮೇಷ್ಟ್ರ ಅಂಗಿ ನೆನೆಯಿತು, ಬುತ್ತಿ ನೆನೆಯಿತು, ಹೆಗಲ ಮೇಲಿನ ಕಂಬಳಿಯೂ ನೆನೆಯಿತು.

ಸಂಜೆ ಹೊಂಬಾಳಮ್ಮ ಜಗಲಿಯಿಂದಲೇ ಕೇಳಿದಳು: "ಕಂಡಿತಾ ಬೆಟ್ಟ?" ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಮುಕ್ಕೋಡು ಮೋಡದೊಳಗೇ ಇತ್ತಂತೆ. ಚೀಲದ ಕತೆ ಕೇಳಿ ಅವಳು ಹಣೆ ಚಚ್ಚಿಕೊಂಡಳು.

"ಲೇ ಪೆದ್ದೇ! ಮಳೆಗೆ ನಿಂತು ನೆನೀತಾರೇನ್ಲಾ? ಮೊದಲ ಹನಿ ಬಿದ್ದ ಕೂಡ್ಲೇ ಕಂಬಳಿ ಎತ್ತಿ ಮುಚ್ಚಿಬಿಡ್ಬೇಕು!"

"ಆಯ್ತು ಕಣವ್ವ, ನಾಳೆ ಮುಚ್ತೀನಿ."

ಎರಡನೇ ದಿನ ಮೇಷ್ಟ್ರು ಎರಡು ಗಂಟೆ ಹೊತ್ತು ಕಾದರು. ಒಂದು ಕಡೆ ಕಪ್ಪು ಮೋಡ, ಇನ್ನೊಂದು ಕಡೆ ಬಿಸಿಲು. ನಡುವೆ ಕಣಿವೆಯ ಈ ತುದಿಯಿಂದ ಆ ತುದಿಗೆ ಕಾಮನಬಿಲ್ಲು ಕಟ್ಟಿತು. ಜೋಡಿ ಬಿಲ್ಲು! ಮೇಷ್ಟ್ರು ಬಗ್ಗಿದರು. ಕಣ್ಣು ಕ್ಯಾಮೆರಾಕ್ಕೆ ಹಚ್ಚಿದರು. ಬೆರಳು ಗುಂಡಿಯ ಮೇಲಿಟ್ಟರು. ಚಿಕ್ಕೀರನ ಮೂಗಿನ ಮೇಲೆ ಒಂದು ಹನಿ ಬಿತ್ತು.

ಧೊಪ್! ಕಂಬಳಿ ಕ್ಯಾಮೆರಾದ ಮೇಲೂ ಬಿತ್ತು, ಮೇಷ್ಟ್ರ ಮೇಲೂ ಬಿತ್ತು. ಒಳಗಿನಿಂದ 'ಕ್ಲಿಕ್' ಅಂತ ಸದ್ದು ಬಂತು.

"ತೆಗೆಯೋ ಕತ್ತೆ!"

"ಮಳೆ ನಿಲ್ಲಲಿ ಮೇಷ್ಟ್ರೇ!"

ಅವರು ಕೈಕಾಲು ಬಡಿದು ಹೊರಗೆ ಬರುವಷ್ಟರಲ್ಲಿ ಬಿಲ್ಲೂ ಇಲ್ಲ, ಬಿಸಿಲೂ ಇಲ್ಲ. "ಆಕಾಶ ಬಿಟ್ಟು ನಿನ್ನ ಕಂಬಳಿಯ ಒಳಗನ್ನ ಫೋಟೋ ತೆಗೆದೆನಲ್ಲೋ!" ಅಂತ ಮೇಷ್ಟ್ರು ದಾರಿಯುದ್ದಕ್ಕೂ ಬೈದರು.

"ಕಂಡಿತಾ ಬೆಟ್ಟ?" ಅಂದಳು ಹೊಂಬಾಳಮ್ಮ. ಇಲ್ಲ, ಅವತ್ತೂ ಕಾಣಲಿಲ್ಲ. ಅವಳ ಮುಖ ಸಣ್ಣದಾಯಿತು. ಆಮೇಲೆ ಮಗನ ಕಡೆ ತಿರುಗಿದಳು.

"ಲೇ ಪೆದ್ದೇ! ಕೇಳ್ದೆ ಮುಚ್ತಾರೇನ್ಲಾ? ಏನ್ ಮಾಡೋದಿದ್ರೂ ಮೊದ್ಲು ಮೇಷ್ಟ್ರನ್ನ ಕೇಳು. ಹೂಂ ಅಂದ್ಮೇಲೆ ಮಾಡು!"

"ಆಯ್ತು ಕಣವ್ವ, ನಾಳೆ ಕೇಳ್ತೀನಿ."

ಮೂರನೇ ದಿನ ಸಿಡಿಲು. ಒಂದರ ಹಿಂದೊಂದು ಆಕಾಶ ಸೀಳುತ್ತಿತ್ತು. ಮಿಂಚು ಹಿಡಿಯಬೇಕಾದರೆ ಕ್ಯಾಮೆರಾದ ಕಣ್ಣು ತೆರೆದಿಟ್ಟು, ಉಸಿರು ಬಿಗಿಹಿಡಿದು ನಿಲ್ಲಬೇಕು. ಮೇಷ್ಟ್ರು ಹಾಗೆ ನಿಂತಿದ್ದಾಗ, ಗಾಳಿಗೆ ಅವರ ಚೀಲ ಬಂಡೆಯಿಂದ ಜಾರತೊಡಗಿತು.

"ಮೇಷ್ಟ್ರೇ, ಚೀಲ ಜಾರ್ತಾ ಐತೆ. ಹಿಡೀಲಾ?"

"ಶ್!"

"ಮೇಷ್ಟ್ರೇ, ಅಂಚಿಗೆ ಬಂತು. ಹಿಡೀಲಾ?"

"ಶ್ ಅಂದೆ!"

"ಮೇಷ್ಟ್ರೇ, ಹೋಯ್ತು. ಇನ್ನು ಹಿಡೀಲಾ?"

ಚೀಲ ಕಣಿವೆಯ ಪಾಲಾಗಿತ್ತು. ಅದರಲ್ಲಿ ಮೇಷ್ಟ್ರ ದೂರದ ಲೆನ್ಸು, ಅವರ ಕನ್ನಡಕ, ಎರಡು ಮುದ್ದೆ. ಮೇಷ್ಟ್ರು ಬಂಡೆಯ ಮೇಲೆ ಕೂತುಬಿಟ್ಟರು. ಪಾಪ, ಬೈಯುವುದಕ್ಕೂ ತ್ರಾಣವಿರಲಿಲ್ಲ. ಬೈಯುವ ಕೆಲಸ ಸಂಜೆ ಹೊಂಬಾಳಮ್ಮನೇ ಮಾಡಿದಳು.

"ಲೇ ಪೆದ್ದೇ! ಹೋಗ್ತಾ ಇರೋದನ್ನ ಕಂಡು ಕೇಳ್ತಾ ನಿಲ್ತಾರೇನ್ಲಾ? ಕೇಳ್ಬೇಡ! ಓಡು! ಅಡ್ಡ ನಿಂತು ಹಿಡಿ!"

"ಆಯ್ತು ಕಣವ್ವ, ನಾಳೆ ಹಿಡೀತೀನಿ."

ನಾಲ್ಕನೇ ದಿನಕ್ಕೆ ರೋಲಿನಲ್ಲಿ ಉಳಿದಿದ್ದದ್ದು ಒಂದೇ ಚಿತ್ರ. ಅದನ್ನು ಮೇಷ್ಟ್ರು ಹೊಂಬಾಳಮ್ಮನಿಗೆಂದೇ ಉಳಿಸಿದ್ದರು. ಮಾತಿಗೆ ತಪ್ಪದ ಮನುಷ್ಯ. ಬೆಳಗಿನಿಂದ ಕಾದು ಕಾದು, ನಡುಮಧ್ಯಾಹ್ನ ಮೋಡದ ಪರದೆ ಕದಲಿತು. ಮೊದಲ ಕೋಡು ಹೊರಬಂತು. ಎರಡನೆಯದು ಬಂತು. ಮೂರನೆಯದೂ ಬಂತು! ಅದರ ನೆತ್ತಿಯ ಮೇಲೊಂದು ಮೋಡ, ಅಂಚಿಗೆಲ್ಲ ಬಿಸಿಲು ಹಚ್ಚಿಕೊಂಡು. ಚಿಕ್ಕೀರ ಅತ್ತ ನೋಡಲಿಲ್ಲ. ಅವನ ಕಣ್ಣು ಮೇಷ್ಟ್ರ ಬಾಯಿಯ ಮೇಲಿತ್ತು.

"ಅಯ್ಯೋ, ಆ ಮೋಡ ಹೋಗ್ತಾ ಇದೆ! ಹೋಗ್ತಾ ಇದೆ!" ಅಂದರು ಮೇಷ್ಟ್ರು, ಗುಂಡಿ ಒತ್ತುತ್ತ.

ಹೋಗ್ತಾ ಇದೆಯಾ? ಕೇಳಬೇಡ, ಓಡು! ಚಿಕ್ಕೀರ ಕಂಬಳಿಯನ್ನು ಮುಖದ ಮುಂದೆ ಅಗಲಕ್ಕೆ ಹಿಡಿದು, ಮೋಡಕ್ಕೆ ಅಡ್ಡ ನಿಲ್ಲಲು ನುಗ್ಗಿದ. ಕ್ಲಿಕ್! ಮೂವತ್ತಾರನೇ ಚಿತ್ರದ ತುಂಬ ಚಿಕ್ಕೀರನ ಬೆನ್ನು, ಅದರ ಆಚೀಚೆ ಕಂಬಳಿ.

"ಮುಗೀತು!" ಮೇಷ್ಟ್ರು ಸ್ಟ್ಯಾಂಡು ಮಡಚಿದರು. "ಕ್ಯಾಮೆರಾದ ಹೊಟ್ಟೆ ತುಂಬಿತು. ಇನ್ನು ಹೋಗು, ನಿಮ್ಮವ್ವನ ಕಣ್ಣನ್ನೇ ಹೊತ್ತು ತಂದು ಇಲ್ಲಿಡು!" ಅಂದವರೇ ಸರಸರ ಇಳಿದು, ಬಸ್ಸು ಹತ್ತಿ ಹೊರಟುಹೋದರು.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಬೈಗುಳ ಅಂದುಕೊಳ್ಳುತ್ತಿದ್ದರು. ಚಿಕ್ಕೀರ ಮನೆಗೆ ಓಡಿ ಬಂದ. ಅವ್ವ ರಾಗಿ ಕೇರುತ್ತಿದ್ದಳು. ಮೊರ ಕಿತ್ತು ಬದಿಗಿಟ್ಟ, ಅವ್ವನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡ, ಕಂಬಳಿಯಿಂದ ಬಿಗಿಯಾಗಿ ಕಟ್ಟಿದ.

"ಏನ್ಲಾ? ಎಲ್ಲಿಗ್ಲಾ? ಬಿಡ್ಲಾ!"

"ನಿನ್ನ ಕಣ್ಣು ಬೇಕಂತೆ ಮೇಲಕ್ಕೆ. ಕಣ್ಣೊಂದೇ ಬರಲ್ವಲ್ಲ, ಅದಕ್ಕೇ ಎಲ್ಲಾನೂ ಹೊತ್ಕೊಂಡೆ."

ಮೊದಲ ತಿರುವಿನವರೆಗೆ ಹೊಂಬಾಳಮ್ಮ ಬೈದಳು. ಎರಡನೇ ತಿರುವಿಗೆ ಮಗನ ಕತ್ತು ತಬ್ಬಿಕೊಂಡಳು. ಮೂರನೇ ತಿರುವಿನಲ್ಲಿ ಅವಳ ಗುರುತಿನ ಬಂಡೆ ಬಂತು. ಮದುವೆಯಾಗಿ ಬಂದ ದಿನ ಅದರ ಮೇಲೆ ಕೂತು ಅತ್ತಿದ್ದಳು. ಕೈಚಾಚಿ ಅದನ್ನು ಸವರಿದಳು. "ಮೆಲ್ಲಗೆ ನಡಿಯೋ ಮಗ" ಅಂದಳು. ಮಗನೂ ಮೆಲ್ಲಗೆ ನಡೆದ.

ನೆತ್ತಿಯಲ್ಲಿ ಸ್ಟ್ಯಾಂಡು ನಿಂತ ಗುರುತಿಗೆ ಮೂರು ಕುಳಿ ಇದ್ದವು. ಸರಿಯಾಗಿ ಅವುಗಳ ನಡುವೆ ಅವ್ವನನ್ನು ಕೂರಿಸಿದ. ಅಲುಗಾಡಬಾರದು ಅಂತ ಹಿಂದೆ ನಿಂತು ಎರಡೂ ಭುಜ ಹಿಡಿದ. ಎದುರಿಗೆ ಬರೀ ಮೋಡ. ಕಾದರು. ಗಾಳಿ ಬೀಸಿ ಬೀಸಿ ಅವಳ ಸೆರಗು ಹಾರಿಸಿತು. ಮತ್ತೂ ಕಾದರು. ಮೋಡ ಬಿರಿಯಿತು.

"ಒಂದು..." ಅಂದಳು ಹೊಂಬಾಳಮ್ಮ. "ಎರಡು..."

ಟಪ್ ಅಂತ ಒಂದು ಹನಿ ಬಿತ್ತು.

ಧೊಪ್! ಕಂಬಳಿ!

"ತೆಗೆಯೋ! ತೆಗೆಯೋ ಪಾಪಿ! ಮೂರನೇದು ನೋಡ್ಬೇಕು ಕಣೋ!"

"ಮೊದಲ ಹನಿಗೇ ಮುಚ್ಚು ಅಂದಿದ್ಯಲ್ಲವ್ವ! ಕೇಳ್ತಾ ನಿಲ್ಬೇಡ ಅಂತಾನೂ ಅಂದಿದ್ದೆ!"

ಕಂಬಳಿ ಸರಿಸುವಷ್ಟರಲ್ಲಿ ಮೋಡ ಮುಚ್ಚಿಕೊಂಡಿತ್ತು. ಹೊಂಬಾಳಮ್ಮ ಅತ್ತಳು. ಇಳಿಯುವಾಗ ಬೆನ್ನ ಮೇಲಿಂದಲೇ ಹೇಳಿದಳು: "ಅಪ್ಪ ಹೊಲದಿಂದ ಬರೋದು ಆ ಮೂರನೇ ಕೋಡಿನ ಕಡೆಯಿಂದ್ಲೇ ಕಣೋ. ನಾನು ಬಾಗಿಲಲ್ಲಿ ನಿಂತು ಕಾಯ್ತಿದ್ದೆ." ಆಮೇಲೆ ಕಣ್ಣೊರೆಸಿಕೊಂಡು, "ಕೇಳಿಲ್ಲಿ. ಆ ಹಾಳು ಕಂಬಳಿ ನಾಳೆ ಮನೇಲೇ ಇರ್ಲಿ. ಬೆಳಕು ಹರೀತಿದ್ದಂಗೇ ಗುಡ್ಡಕ್ಕೆ ನಡಿ" ಅಂದಳು.

"ಆಯ್ತು ಕಣವ್ವ!"

ಬೆಳಗಾಯಿತು. ಹೊಂಬಾಳಮ್ಮ ಕಣ್ಣುಬಿಟ್ಟಳು. ಮಗನಿಲ್ಲ. ಕಂಬಳಿ ಮನೆಯಲ್ಲೇ ಇತ್ತು. ಇರದೆ ಏನು, ಅದನ್ನೇ ಹೊದ್ದು ಅವಳು ಮಲಗಿದ್ದಳು! ಕಂಬಳಿ ಮನೆಯಲ್ಲಿರಲಿ ಅಂದಿದ್ದಳಲ್ಲ, ಅದರೊಳಗಿದ್ದವಳ ಸಮೇತ ಬಿಟ್ಟು, ಚಿಕ್ಕೀರ ಒಬ್ಬನೇ ಗುಡ್ಡ ಹತ್ತಿದ್ದ.

ಅವತ್ತಿನ ಆಕಾಶವೋ, ಉಜ್ಜಿ ಬೆಳಗಿದ ತಾಮ್ರದ ಚೊಂಬು. ಆಷಾಢದಲ್ಲಿ ಅಂಥ ದಿನ ಬರುವುದು ಅಪರೂಪ. ಹೊಂಬಾಳಮ್ಮ ಜಗಲಿ ಮೇಲೆ ಕೂತು ಸಮಾಧಾನ ಮಾಡಿಕೊಂಡಳು. ಹೋಗಲಿ, ನಾನು ನೋಡದಿದ್ದರೇನು, ಮಗ ನೋಡಿ ಬಂದು ಹೇಳುತ್ತಾನೆ. ಬೆಟ್ಟದ ಬಣ್ಣ ಹೇಳುತ್ತಾನೆ. ಬುಡದಲ್ಲಿ ನಮ್ಮ ಮನೆ ಮುಂದಿನ ಹುಣಸೇಮರ ಇದೆಯೋ ಇಲ್ಲವೋ ಹೇಳುತ್ತಾನೆ. ಊಟ ಸೇರಲಿಲ್ಲ. ಸಂಜೆಯವರೆಗೆ ದಾರಿ ನೋಡಿದಳು.

ಚಿಕ್ಕೀರ ಬಂದ. ಮುಖವೆಲ್ಲ ಬಿಸಿಲಿಗೆ ಕೆಂಪಾಗಿತ್ತು.

"ಬಾ ಮಗ, ಬಾ! ಮೋಡ ಇರ್ಲಿಲ್ವಾ?"

"ಒಂದು ಚೂರೂ ಇರ್ಲಿಲ್ಲ ಕಣವ್ವ. ದನ ಕಾಯೋರು ಹೇಳಿದ್ರು, ಇವತ್ತು ಮೂರೂ ಕೋಡು ಎಷ್ಟು ಚೆನ್ನಾಗಿ ಕಾಣ್ತಾವೆ ಅಂತ."

"ಹೆಂಗಿತ್ತೋ? ನಮ್ಮ ಮೂರನೇ ಕೋಡು ಹೆಂಗಿತ್ತೋ?"

ಚಿಕ್ಕೀರ ನಕ್ಕ. ಸರಿಯಾಗಿ ಕೆಲಸ ಮಾಡಿ ಬಂದವನ ನಗು ಅದು. "ನಾನೆಲ್ಲಿ ನೋಡ್ಲವ್ವ? ಅದು ನಿನ್ನ ಮೀಸಲು. ನೆತ್ತಿ ಮುಟ್ಟಿದವನೇ ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಕೂತೆ. ಸಾಯಂಕಾಲದವರೆಗೂ ಬಿಡ್ಲಿಲ್ಲ. ಎಂಜಲಾಗಿಲ್ಲ ಕಣವ್ವ, ಹಂಗೇ ಐತೆ!"

ಹೊಂಬಾಳಮ್ಮ ಹೊಡೆಯುವುದಕ್ಕೆ ಕೈಯೆತ್ತಿದಳು. ಎತ್ತಿದ ಕೈ ಅವನ ತಲೆಯ ಮೇಲೆ ಇಳಿದು ಅಲ್ಲೇ ಉಳಿಯಿತು. ಅವತ್ತು ಅವಳು ಬೈಯಲೂ ಇಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಕೂತ್ಕೋ" ಅಂದಳು. ಕೂತ.

ಇಬ್ಬರೂ ಜಗಲಿ ಮೇಲೆ ಕೂತಿದ್ದ ಹಾಗೇ ಗಾಳಿಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ತುಂಡು ತಲೆಯೆತ್ತಿತು.

"ನಮ್ಮೂರ ಮೋಡ" ಅಂದಳು ಹೊಂಬಾಳಮ್ಮ.

ಪಕ್ಕಕ್ಕೆ ತಿರುಗಿ ನೋಡಿದರೆ, ಚಿಕ್ಕೀರ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

"ಯಾಕ್ಲಾ?"

"ಮೊದ್ಲು ನೀನು ನೋಡವ್ವ" ಅಂದ.