ತಿರುವು ಸುತ್ತಿಟ್ಟ ರಾಜನೂ ಸಾತವ್ವನ ಕಿವಿಯೂ

ಒಂದಾನೊಂದು ಊರಿನಲ್ಲಿ ಒಂದೇ ರಸ್ತೆ, ಆ ರಸ್ತೆಗೆ ಒಂದೇ ತಿರುವು, ಆ ತಿರುವಿನಲ್ಲಿ ಸಾತವ್ವನ ಗ್ಯಾರೇಜು. ಊರವರಿಗೆ ರಸ್ತೆಯ ಮೇಲೆ ಅಂಥ ಅಭಿಮಾನವೇನೂ ಇರಲಿಲ್ಲ. ನೇರ ರಸ್ತೆ ಯಾವ ಊರಿಗಿಲ್ಲ ಹೇಳಿ? ಅವರ ಹೆಮ್ಮೆಯೆಲ್ಲ ತಿರುವಿನ ಮೇಲೆ. ಸಾತವ್ವನಿಗೆ ತಿರುವಿಗಿಂತ ಒಂದು ಗುಲಗಂಜಿ ಹೆಚ್ಚು ಹೆಮ್ಮೆ ತನ್ನ ಕಿವಿಯ ಮೇಲೆ. ಒನಕೆಯ ಒಂದು ತುದಿ ಗಾಡಿಗೆ ಆನಿಸಿ ಇನ್ನೊಂದು ತುದಿಗೆ ಕಿವಿ ಕೊಟ್ಟಳೆಂದರೆ, ಗಾಡಿ ತನ್ನ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತಿತ್ತು. ಇಂಥ ಕಿವಿ ತನ್ನ ಅವ್ವನಿಗೂ ಇರಲಿಲ್ಲವೆಂದು ಅವಳು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಸಿಗದವರಿಗೆ ಅವರ ಮನೆಗೇ ಹೋಗಿ ಹೇಳಿ ಬರುತ್ತಿದ್ದಳು.

ಆ ಊರಿನ ರಾಜ ಸರಿಸಮರಾಯ. ಅವನಿಗೊಂದು ಹುಚ್ಚು. ಜೋಡಿ ಅಂದಮೇಲೆ ಸರಿಸಮ ಇರಬೇಕು. ಎಡಮೀಸೆಯನ್ನೂ ಬಲಮೀಸೆಯನ್ನೂ ದಿನಾ ತಕ್ಕಡಿಯಲ್ಲಿ ತೂಗಿಸುತ್ತಿದ್ದ. ಒಂದು ಕಣ್ಣಿಗೆ ನಿದ್ದೆ ಬಂದರೆ, ಇನ್ನೊಂದಕ್ಕೂ ಬರುವ ತನಕ ಅದನ್ನು ಮುಚ್ಚಲು ಬಿಡುತ್ತಿರಲಿಲ್ಲ. ರಾಣಿ ಚೆಂದಲದೇವಿ ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿಯೇ ನಡೆಯಬೇಕು. ಅವಳ ಮೂಗು ಕೂಡ ಅವನ ಮೂಗಿಗಿಂತ ಮುಂದೆ ಹೋಗುವಂತಿಲ್ಲ.

ಈ ರಾಜ ಒಂದು ಕೆಂಪು ಸ್ಪೋರ್ಟ್ಸ್ ಕಾರು ತರಿಸಿದ. ಬಂದದ್ದನ್ನು ಬಂದ ಹಾಗೇ ಓಡಿಸಿದರೆ ರಾಜನ ಗತ್ತು ಏನಾಗಬೇಕು? ಅಡಿಯಲ್ಲಿ ಇರುವೆ ಕೂಡ ಬಗ್ಗಿ ಹೋಗಬೇಕು, ಅಷ್ಟು ತಗ್ಗಿಸಿದ. ಮಂಚದಷ್ಟು ಅಗಲದ ಟೈರು ಹಾಕಿಸಿದ. ಹಿಂದೊಂದು ರೆಕ್ಕೆ ಕೂಡಿಸಿದ, ಅದರ ಮೇಲೆ ಅರಮನೆಯ ಹಪ್ಪಳ ಒಣಗಿಸುತ್ತಿದ್ದರು. ಒಂದು ದಿನ ತಿರುವಿನಲ್ಲಿ ಹೋಗುವಾಗ ಹಿಂತಿರುಗಿ ನೋಡುತ್ತಾನೆ, ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಜೋರಾಗಿ ಓಡುತ್ತಿದೆ! ರಾಜನಿಗೆ ಮೈಯೆಲ್ಲ ಉರಿದುಹೋಯಿತು.

ಹಿಂದಿನ ಎರಡು ಚಕ್ರಗಳ ನಡುವೆ ಒಂದು ದುಂಡನೆಯ ಡಬ್ಬಿ ಇರುತ್ತದೆ. ಅದಕ್ಕೆ ಡಿಫರೆನ್ಷಿಯಲ್ ಅಂತಾರೆ. ತಿರುವು ಬಂದಾಗ ಹೊರಗಿನ ಚಕ್ರಕ್ಕೆ ನೀನು ಓಡು, ಒಳಗಿನ ಚಕ್ರಕ್ಕೆ ನೀನು ತಡಿ ಎಂದು ಹೇಳುವುದು ಅದೇ. ರಾಜ ಆ ಡಬ್ಬಿ ಬಿಚ್ಚಿಸಿ, ಒಳಗಿನ ಹಲ್ಲುಚಕ್ರಗಳಿಗೆಲ್ಲ ವೆಲ್ಡಿಂಗ್ ಹೊಡೆಸಿ, ಒಂದೇ ಗಟ್ಟಿ ಮಾಡಿಸಿಬಿಟ್ಟ. ಇನ್ನು ಎರಡೂ ಚಕ್ರ ಸರಿಸಮ.

ನೇರ ರಸ್ತೆಯಲ್ಲಿ ಕಾರು ಸುಮ್ಮನೆ ಹೋಯಿತು. ತಿರುವಿಗೆ ಬಂತು ನೋಡಿ, ಕಟಕಟ ಕಟಕಟ ಗೊಂಯ್ ಎಂದು ಅಳತೊಡಗಿತು. ಟೈರು ಸವೆದ ಕರಿಪುಡಿ ಸಾತವ್ವನ ರಂಗೋಲಿಯ ಮೇಲೆ ಉದುರಿತು. ಅವಳು ಒನಕೆ ಹಿಡಿದು ಹೊರಗೆ ಬರುವಷ್ಟರಲ್ಲಿ ಕಾರು ದಾಟಿಹೋಗಿತ್ತು.

ಸಭೆ ಕೂಡಿತು. ಮಂತ್ರಿ ಬಹಳ ಹೊತ್ತು ಕಣ್ಣು ಮುಚ್ಚಿ ಕೂತ. ನೇರದಲ್ಲಿ ಸದ್ದಿಲ್ಲ, ತಿರುವಿನಲ್ಲಿ ಸದ್ದಿದೆ, ಅಂದಮೇಲೆ ರೋಗ ಇರುವುದು ತಿರುವಿಗೆ ಎಂದ. ಎಲ್ಲರೂ ತಲೆದೂಗಿದರು. ಆಳುಗಳು ಬಂದು ತಿರುವನ್ನು ಚಾಪೆಯಂತೆ ಸುತ್ತಿದರು, ಹಗ್ಗ ಕಟ್ಟಿದರು, ಅರಮನೆಯ ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ತಿರುವಿಲ್ಲದ ಮೇಲೆ ಯಾವ ಗಾಡಿ ನಿಧಾನ ಮಾಡುತ್ತದೆ? ನಿಧಾನ ಮಾಡದ ಗಾಡಿ ನಿಲ್ಲುವುದೆಲ್ಲಿಂದ ಬಂತು? ಸಾತವ್ವನ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಅವಳಿಗೆ ಹೊಟ್ಟೆಗಿಂತ ಹೆಚ್ಚು ಉರಿದದ್ದು ಮಾನ.

ಇತ್ತ ರಾಜ ಅರಮನೆಯ ಅಂಗಳದಲ್ಲಿ ಕಾರು ತಿರುಗಿಸಿದ. ಕಟಕಟ ಕಟಕಟ ಗೊಂಯ್. ತಿರುವು ತಪ್ಪಿಸಿಕೊಂಡು ಸ್ಟೇರಿಂಗಿನಲ್ಲಿ ಅಡಗಿದೆ ಎಂದ ಮಂತ್ರಿ. ಸ್ಟೇರಿಂಗನ್ನು ಬಡಿದು ಕೋಲು ಮಾಡಿದರು. ಆದರೂ ಕಟಕಟ. ಹಾಗಾದರೆ ಜಿಲೇಬಿಯಲ್ಲಿ ಅಡಗಿರಬೇಕು. ಜಿಲೇಬಿಯನ್ನು ಎಳೆದು ನೆಟ್ಟಗೆ ಮಾಡಿ ಮೊಳದ ಲೆಕ್ಕದಲ್ಲಿ ಮಾರಿದರು. ಆದರೂ ಕಟಕಟ. ಎತ್ತಿನ ಕೊಂಬಿಗೆ ದಬ್ಬೆ ಕಟ್ಟಿದರು. ಬಿದಿಗೆಯ ಚಂದ್ರನಿಗೆ ನೋಟೀಸು ಕಳಿಸಿದರು, ಅವನು ಹುಣ್ಣಿಮೆಯ ತನಕ ಗಡುವು ಕೇಳಿದ. ಆದರೂ ಕಟಕಟ. ಕೊನೆಗೆ ಮಂತ್ರಿಗೆ ಹೊಳೆಯಿತು. ಕಿವಿಯಲ್ಲಿರುವಷ್ಟು ತಿರುವು ಬೇರೆಲ್ಲಿದೆ? ಊರಿನ ಎಲ್ಲ ಕಿವಿಗಳನ್ನೂ ಇಸ್ತ್ರಿ ಮಾಡಿ ಚಪ್ಪಟೆ ಮಾಡತಕ್ಕದ್ದು, ಹೆಸರಾದ ಕಿವಿಯಿಂದಲೇ ಶುರು ಮಾಡತಕ್ಕದ್ದು ಎಂದು ಡಂಗುರ ಹೊಡೆಸಿದರು.

ಹೆಸರಾದ ಕಿವಿ ಯಾರದು ಅಂತ ನಾನು ಹೇಳಬೇಕೆ?

ಅಗಸ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದ. ಸಾತವ್ವನಿಗೆ ಒಳಗೊಳಗೇ ಜೀವ ಹಾರಿಹೋಗಿತ್ತು, ಆದರೆ ಒನಕೆಯನ್ನು ಹೆಗಲಿಗೇರಿಸಿ ಮದುವಣಗಿತ್ತಿಯ ಠೀವಿಯಲ್ಲಿ ಸಭೆಗೆ ಬಂದಳು.

"ಮಹಾರಾಜರ, ಸದ್ದು ಎಲ್ಲಿಂದ ಬರ್ತೈತಿ ನಾ ಹೇಳ್ತೀನಿ. ಹೇಳಿದ್ರ ನಮ್ಮ ತಿರುವು ನಮಗ ಕೊಡ್ರಿ. ಹೇಳಲಿಲ್ಲಂದ್ರ ಈ ಕಿವಿ ಇಸ್ತ್ರಿ ಮಾಡಿ, ಮಡಚಿ, ನಿಮ್ಮ ಪೆಟ್ಟಿಗ್ಯಾಗ ಇಟ್ಕೋರಿ."

ರಾಜ ಒಪ್ಪಿದ. ಆ ಊರಿನಲ್ಲಿ ಕೆಟ್ಟ ವಸ್ತುವನ್ನು ಮುಟ್ಟುವ ಮೊದಲು ಅದರ ಮನೆಮಂದಿಯ ಕ್ಷೇಮ ವಿಚಾರಿಸುವ ಪದ್ಧತಿ. ಇಲ್ಲದಿದ್ದರೆ ಅದು ಮುನಿಸಿಕೊಂಡು ಸುಳ್ಳು ಹೇಳುತ್ತದೆ. ಸಾತವ್ವ ಮೊದಲು ರೆಕ್ಕೆಯನ್ನು ವಿಚಾರಿಸಿದಳು. ತಾನು ಆರಾಮ, ಹಪ್ಪಳಕ್ಕೆ ಮಾತ್ರ ಉಪ್ಪು ಹೆಚ್ಚು ಎಂದಿತು ರೆಕ್ಕೆ. ಟೈರುಗಳನ್ನು ವಿಚಾರಿಸಿದಳು. ನಾನು ನಿಲ್ಲುತ್ತೇನೆಂದರೆ ಅವನು ಎಳೆಯುತ್ತಾನೆ ಎಂದು ಒಂದು ಅತ್ತಿತು, ನಾನು ಓಡುತ್ತೇನೆಂದರೆ ಅವನು ಬಿಡುವುದಿಲ್ಲ ಎಂದು ಇನ್ನೊಂದು ಅತ್ತಿತು. ಆಮೇಲೆ ದುಂಡು ಡಬ್ಬಿಯ ಎಣ್ಣೆಯನ್ನು ತಟ್ಟೆಗೆ ಇಳಿಸಿದಳು. ಎಣ್ಣೆಯ ತುಂಬ ಕಬ್ಬಿಣದ ಪುಡಿ ಮಿನುಗುತ್ತಿತ್ತು. ರಾಜರ ಕಾರಲ್ಲವೇ, ಬೆಳ್ಳಿ ಬೆವರುತ್ತದೆ ಎಂದ ಮಂತ್ರಿ. ಸಾತವ್ವ ಅವನ ಕಡೆ ತಿರುಗಿಯೂ ನೋಡದೆ ಒನಕೆಯನ್ನು ಡಬ್ಬಿಗೆ ಆನಿಸಿದಳು.

"ಯವ್ವಾ," ಎಂದಿತು ಡಬ್ಬಿ, "ಒಬ್ಬಗ ಓಡು, ಒಬ್ಬಗ ತಡಿ ಅನ್ನೂದು ನನ್ನ ಕೆಲಸ. ನನ್ನ ಬಾಯಿಗೆ ವೆಲ್ಡಿಂಗ್ ಹೊಡದಾರ. ಹಲ್ಲು ಕಡಕೊಂಡು ಸವದು ಹೋಗಾಕತ್ತೀನಿ."

ಸಾತವ್ವ ಇದನ್ನು ಹೇಳಿದರೆ ರಾಜ ನಕ್ಕುಬಿಟ್ಟ. ತನಗೇನೂ ಕೇಳಿಸಲಿಲ್ಲವಲ್ಲ ಎಂದ. ಒನಕೆಗೆ ಕಿವಿ ಕೊಡಿ ಎಂದರೆ ಅದೂ ಆಗದು. ಒಂದು ಕಿವಿಗೆ ಕೇಳಿಸಿ ಇನ್ನೊಂದಕ್ಕೆ ಕೇಳಿಸದಿದ್ದರೆ ಸರಿಸಮ ಎಲ್ಲಿ ಉಳಿಯಿತು? ಅಗಸ ಕೆಂಡ ಊದಿದ.

ಹಾಗಾದರೆ ಉಗ್ರಾಣದಿಂದ ತಿರುವು ತಂದು ಹಾಸಿ ಎಂದಳು ಸಾತವ್ವ. ಹಾಸಿದರು. ಮಹಾರಾಜರು ಒಳಗಿನ ಅಂಚಿನಲ್ಲಿ, ರಾಣಿಯವರು ಹೊರಗಿನ ಅಂಚಿನಲ್ಲಿ, ಎಂದಿನಂತೆ ಸರಿಸಮ ನಡೆಯಲಿ ಎಂದಳು. ಅದರಲ್ಲೇನಿದೆ ಎಂದು ರಾಜ ಎದೆಯುಬ್ಬಿಸಿ ಹೊರಟ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಕಟಕಟ ಕಟಕಟ! ಎಲ್ಲರೂ ಕಾರಿನ ಕಡೆ ನೋಡಿದರು. ಕಾರು ಸುಮ್ಮನೆ ನಿಂತಿತ್ತು. ಸದ್ದು ಬರುತ್ತಿದ್ದದ್ದು ರಾಣಿಯ ಮೊಣಕಾಲಿನಿಂದ.

ಇದು ಯಾವಾಗಿನಿಂದ ಎಂದು ರಾಜ ಕೇಳಿದ.

"ಮದಿವಿ ಆದಾಗಿಂದ," ಎಂದಳು ರಾಣಿ. "ಹೆಜ್ಜಿ ನಿಮ್ಮಷ್ಟ ಇಡಬೇಕು, ತಿರುವಿನ್ಯಾಗ ನನ್ನ ದಾರಿ ನಿಮಗಿಂತ ಉದ್ದ. ಉಳಿದಿದ್ದನ್ನ ಕಾಲು ಎಳಕೊಂಡು ಬರ್ತೀನಿ. ನನಗ ಸಾಕಾಗೈತಿ."

ರಾಜನಿಗೆ ನಾಚಿಕೆಯಾಯಿತು. ಅವಳ ಸವೆದ ಪಾದರಕ್ಷೆಯನ್ನು ಅವನು ನೋಡಿದ್ದು ಅದೇ ಮೊದಲು.

"ನೀ ನಡಿ ಚೆಂದಲಾ," ಎಂದ. "ನಾ ಇಲ್ಲೇ ತಡೀತೀನಿ."

ರಾಣಿ ಕಾಲು ಬೀಸಿ ನಡೆದಳು. ರಾಜನಿಗಿಂತ ಮುಂದೆ ಹೋದಳು. ಒಂದು ಸದ್ದೂ ಬರಲಿಲ್ಲ.

ಅಂದೇ ಸಾತವ್ವ ಆ ಗಟ್ಟಿಯನ್ನು ಕಿತ್ತು ಹೊಸ ಡಿಫರೆನ್ಷಿಯಲ್ ಕೂಡಿಸಿದಳು. ಕಾರು ತಿರುವಿನಲ್ಲಿ ಸದ್ದಿಲ್ಲದೆ ತಿರುಗಿತು. ತನ್ನ ಹೊರಗಿನ ಚಕ್ರದಷ್ಟು ಮುಂದೆ ಹೋಗುವ ಚಕ್ರ ಯಾವ ರಾಜ್ಯದಲ್ಲೂ ಇಲ್ಲ ಎಂದು ರಾಜ ಈಗ ಜಂಬ ಕೊಚ್ಚತೊಡಗಿದ. ಸಾತವ್ವನನ್ನು ಕರೆದು ಸದ್ದಿನ ಮಂತ್ರಿ ಮಾಡುತ್ತೇನೆಂದ. "ನನಗ ಗ್ಯಾರೇಜ್ ಐತ್ರಿ," ಎಂದಳು ಅವಳು. ತಿರುವನ್ನು ತಾನೇ ಹೊತ್ತು ತಂದು, ಹಳೆಯ ಜಾಗದಲ್ಲಿ ಹಾಸಿ, ಮೇಲೆ ನೀರು ಚಿಮುಕಿಸಿದಳು. ಊರೆಲ್ಲ ನಿಂತು ನೋಡಿತು, ನೋಡಿ ಒಂದೊಂದು ಗೇಣು ಎತ್ತರವಾಯಿತು.

ಇದರ ನೀತಿ ಕೇಳುತ್ತೀರಾ? ಕಿವಿ ಇಸ್ತ್ರಿಗೆ ಕೊಡುವ ಮೊದಲು ಗಾಡಿ ತೋರಿಸಿ. ಕತೆ ಅಲ್ಲಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ಏಳಿ ಇನ್ನು. ಹೊರಗಿನ ಸಾಲಿನವರು ಮೊದಲು ಏಳಿ, ನಿಮ್ಮ ದಾರಿ ಉದ್ದ. ಒಳಗಿನವರು ಸ್ವಲ್ಪ ತಡೆಯಿರಿ.