ಸಿಹಿನೀರಿನ ದಿಬ್ಬಕ್ಕೆ ಎರಡು ಗಾಡಿ

“ಅಜ್ಜಾರ, ಈ ಎರಡರಾಗ ಯಾವುದನ್ನ ತಗೊಳ್ಳಲ್ರಿ?”

ಕೇಳಿದವನು ಮಲ್ಲಿನಾಥ. ಗ್ರಾನೈಟ್ ಕಲ್ಲಿನ ವ್ಯಾಪಾರಿ, ಮಠಕ್ಕೆ ಹಳೆಯ ಶಿಷ್ಯ. ಅವನು ಎರಡು ಕಾರುಗಳ ಚಿತ್ರಗಳನ್ನು ತಂದು ಅಜ್ಜನವರ ಮುಂದೆ ಹಾಸಿದ. ಮಠದ ಸ್ವಾಮಿಗಳಾದ ಅಜ್ಜನವರು ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬೆರಳುಗಳು ಅಂಟಂಟಾಗಿದ್ದವು. ಚಿತ್ರಗಳನ್ನು ಮುಟ್ಟದೆ ಬಗ್ಗಿ ನೋಡಿದರು.

ಮೊದಲನೆಯದು ಲಿಮಿಟೆಡ್ ಎಡಿಷನ್. ಜಗತ್ತಿಗೆಲ್ಲ ತೊಂಬತ್ತೊಂಬತ್ತೇ ಕಾರು. ಆಮೇಲೆ ಕಂಪನಿ ಅಂಥದ್ದನ್ನು ಮತ್ತೆ ಮಾಡುವುದಿಲ್ಲ. ಮಲ್ಲಿನಾಥನಿಗೆ ಬರುವುದು ನಲವತ್ತೊಂದನೆಯದು. ಆ ಸಂಖ್ಯೆಯನ್ನು ಸ್ಟೀರಿಂಗಿನ ಪಕ್ಕದಲ್ಲಿ ಬೆಳ್ಳಿಯ ತಗಡಿನ ಮೇಲೆ ಕೆತ್ತಿರುತ್ತಾರೆ. ಎರಡನೆಯದು ರೇಸಿನ ಟ್ರ್ಯಾಕಿಗೆಂದೇ ಕಟ್ಟಿದ ಕಾರು. ಅದರಲ್ಲಿ ಹಾಡು ಇಲ್ಲ, ಕಾಲಿಗೆ ಮೆತ್ತನೆಯ ಹಾಸು ಇಲ್ಲ, ಹಿಂದಿನ ಸೀಟೂ ಇಲ್ಲ. ಭಾರ ಇಳಿಸುವುದಕ್ಕೆಂದು ಒಂದೊಂದನ್ನೇ ಕಿತ್ತು ಹಾಕಿದ್ದಾರೆ. ಒಂದನ್ನು ಇಟ್ಟುಕೊಂಡರೆ ಊರೇ ನಿಂತು ನೋಡುತ್ತದೆ. ಇನ್ನೊಂದನ್ನು ಓಡಿಸಿದರೆ ತನ್ನ ಕೈ ಎಂಥದು ಎಂದು ತನಗೇ ತಿಳಿಯುತ್ತದೆ. ಸೋಮವಾರದೊಳಗೆ ಯಾವುದೆಂದು ಹೇಳಬೇಕು. ಎರಡು ತಿಂಗಳಿಂದ ಅವನಿಗೆ ನಿದ್ದೆ ಸರಿಯಾಗಿರಲಿಲ್ಲ.

“ಒಬ್ಬನ ಬಂದೀಯೇನು?” ಎಂದು ಅಜ್ಜನವರು ಕೇಳಿದರು.

“ಇಲ್ರಿ, ಮನಿಯಾಕಿ ಹೊರಗ ಕಾರಿನ್ಯಾಗ ಕುಂತಾಳ. ನನ್ನ ಕೂಡ ಏನೋ ಮಾತಾಡೂದೈತಿ ಅಂತ ನಾಕ ದಿನದಿಂದ ಅನ್ನಾಕತ್ತಾಳ್ರಿ. ದಾರ್ಯಾಗ ಕೇಳಿದ್ರಾತು. ಮೊದಲ ಇದೊಂದು ಬಗಿಹರೀಲಿ.”

ಅಜ್ಜನವರು ಒಂದು ಬೀಜ ಬಿಡಿಸಿ ಮೊರಕ್ಕೆ ಹಾಕಿದರು.

“ಕಾರಿಂದು ನನಗೇನ ತಿಳೀತೈತಪಾ. ನಾ ಸಮುದ್ರಾನೂ ನೋಡಿಲ್ಲ. ಆದ್ರ ಸಮುದ್ರದ ಕತಿ ಒಂದು ಗೊತ್ತೈತಿ. ಕೂಡ್ರು.”

ಮಲ್ಲಿನಾಥ ಕೂತ. ಅಜ್ಜನವರು ಹೇಳಿದ ಕತೆ ಇದು.

ಕಡಲ ದಂಡೆಯ ಮೇಲೆ ಒಂದು ಪೇಟೆ ಇತ್ತು. ಅಲ್ಲಿ ಒಬ್ಬ ಉಪ್ಪಿನ ವರ್ತಕನಿದ್ದ. ಪೇಟೆಯ ಎದುರಿಗೆ, ಕಡಲ ನಡುವೆ, ಒಂದು ದಿಬ್ಬವಿತ್ತು. ವರ್ಷವೆಲ್ಲ ಅದು ನೀರಿನ ಕೆಳಗೇ ಇರುತ್ತಿತ್ತು. ವರ್ಷಕ್ಕೆ ಎರಡು ಸಲ ಮಾತ್ರ, ದೊಡ್ಡ ಇಳಿತದ ದಿನ, ಕಡಲು ಬಹಳ ದೂರ ಹಿಂದೆ ಸರಿಯುತ್ತಿತ್ತು. ಆಗ ದಂಡೆಯಿಂದ ದಿಬ್ಬದವರೆಗೆ ಮರಳಿನ ದಾರಿಯೊಂದು ತಾನಾಗಿ ಎದ್ದು ಬರುತ್ತಿತ್ತು. ಒದ್ದೆ ಮರಳಿನಲ್ಲಿ ಆಕಾಶವೆಲ್ಲ ಕಾಣುತ್ತಿತ್ತು. ಆ ದಾರಿಯಲ್ಲಿ ಹೋಗುವವರಿಗೆ ತಾವು ನೆಲದ ಮೇಲಿದ್ದೇವೋ ಮೋಡದ ಮೇಲಿದ್ದೇವೋ ಎಂದು ಗೊತ್ತಾಗುತ್ತಿರಲಿಲ್ಲ.

ದಿಬ್ಬದ ನೆತ್ತಿಯಲ್ಲಿ ಒಂದು ಸಣ್ಣ ಬಾವಿ. ಅದರ ನೀರು ಸಿಹಿ. ಆರು ತಿಂಗಳು ಉಪ್ಪುನೀರಿನ ಅಡಿಯಲ್ಲಿ ಮುಳುಗಿದ್ದ ಬಾವಿ ಹೇಗೆ ಸಿಹಿಯಾಗಿ ಉಳಿಯುತ್ತದೆ ಎಂದು ಕೇಳಬೇಡ. ನನಗೆ ಹೇಳಿದವರನ್ನು ನಾನೂ ಕೇಳಲಿಲ್ಲ.

ಆ ಬಾವಿಗೆ ಒಂದು ಪದ್ಧತಿ ಇತ್ತು. ಅಲ್ಲಿಗೆ ಇಬ್ಬರು ಹೋಗಬೇಕು. ಒಬ್ಬರು ಒಂದು ಬೊಗಸೆ ನೀರು ಕುಡಿದು, ಬೇರೆಲ್ಲೂ ಹೇಳಲಾಗದ ಒಂದು ಮಾತನ್ನು ಹೇಳಬೇಕು. ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಬೇಕು. ಅಲ್ಲಿ ಆಡಿದ ಮಾತನ್ನು ಆಡಿದವರು ಮತ್ತೊಮ್ಮೆ ಆಡುವ ಹಾಗಿಲ್ಲ, ಕೇಳಿದವರು ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಉಬ್ಬರ ಬಂದು ದಿಬ್ಬವನ್ನು ಮುಚ್ಚಿದರೆ ಆ ಮಾತೂ ಮುಚ್ಚಿಹೋದಂತೆ. ಆ ಪೇಟೆಯಲ್ಲಿ ಏನೇನೋ ಕಳ್ಳತನ ನಡೆಯುತ್ತಿತ್ತು, ಸುಳ್ಳೂ ನಡೆಯುತ್ತಿತ್ತು. ಈ ಪದ್ಧತಿಯನ್ನು ಮಾತ್ರ ಯಾರೂ ಮುರಿದಿರಲಿಲ್ಲ.

ಒಂದು ದಿನ ವರ್ತಕನ ಹೆಂಡತಿ ಅವನಿಗೆ ಊಟ ಬಡಿಸುತ್ತ, “ಈ ಸಲದ ಇಳಿತಕ್ಕೆ ನನ್ನನ್ನು ದಿಬ್ಬಕ್ಕೆ ಕರೆದುಕೊಂಡು ಹೋಗುತ್ತೀರಾ? ನಿಮಗೆ ಒಂದು ಮಾತು ಹೇಳಬೇಕು,” ಎಂದಳು.

ಮದುವೆಯಾಗಿ ಹದಿನಾಲ್ಕು ವರ್ಷ. ಅವಳು ಅವನಲ್ಲಿ ಏನನ್ನೂ ಕೇಳಿದವಳಲ್ಲ. ವರ್ತಕನಿಗೆ ಬಹಳ ಸಂತೋಷವಾಯಿತು. ಅವನು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಇತ್ತು. ಇಷ್ಟು ದಿನಕ್ಕೆ ಒಂದು ಕೇಳಿದ್ದಾಳೆ, ಅದನ್ನು ಎಲ್ಲರಂತೆ ನಡೆಸಿಕೊಂಡು ಹೋಗಿ ತೀರಿಸುವುದೇ ಎಂದುಕೊಂಡ. ಬೆಸ್ತರು, ಅಗಸರು, ಮಡಕೆ ಮಾಡುವವರು ಎಲ್ಲರೂ ಆ ದಾರಿಯಲ್ಲಿ ನಡೆದೇ ಹೋಗುತ್ತಿದ್ದರು. ವರ್ತಕನ ಕಾಲೂ ಗಟ್ಟಿಯಾಗಿತ್ತು. ಆದರೂ ಅವನು ಗಾಡಿ ಮಾಡುವ ಬಡಗಿಯ ಮನೆಗೆ ಹೋದ.

ಬಡಗಿಯ ಅಂಗಳದಲ್ಲಿ ಎರಡು ಗಾಡಿಗಳಿದ್ದವು.

ಒಂದು ಸಾರೋಟು. ಮುನ್ನೂರು ವರ್ಷದ ಒಂದೇ ತೇಗದ ಮರದಿಂದ ಮಾಡಿದ್ದು. ಆ ಮರಕ್ಕೆ ಏಳೇ ಸಾರೋಟು ಬಂದವು. ಆರು ಯಾರ್ಯಾರದೋ ಅರಮನೆ ಸೇರಿದ್ದವು. ಇದು ಏಳನೆಯದು, ಏಳು ಎಂಬ ಅಂಕಿಯನ್ನು ಬಡಗಿ ಸೀಟಿನ ಕೆಳಗೆ ಬೆಳ್ಳಿಯ ತಂತಿಯಲ್ಲಿ ಕೂರಿಸಿದ್ದ. ಇನ್ನೊಂದು ಓಟದ ಗಾಡಿ. ಮರಳಿನಲ್ಲಿ ಹೂಳದಂತೆ ಅಗಲವಾದ ಎರಡು ಚಕ್ರ, ನಡುವೆ ಒಂದು ಹಲಗೆ. ಚಾವಣಿ ಇಲ್ಲ, ಗಂಟೆ ಇಲ್ಲ, ಒರಗಲು ದಿಂಬಿಲ್ಲ. ಇಬ್ಬರು ಸೇರಿ ಎತ್ತಿ ಪಕ್ಕಕ್ಕಿಡುವಷ್ಟು ಹಗುರ. ಕುದುರೆ ಕಟ್ಟಿದರೆ ಗಾಳಿ ಹಿಂದೆ ಉಳಿಯುತ್ತದೆ ಎಂದು ಬಡಗಿ ಹೇಳಿದ.

ವರ್ತಕ ಎರಡನ್ನೂ ಸುತ್ತಿ ಸುತ್ತಿ ನೋಡಿದ. ಒಂದು ಮುಂದೆಂದೂ ಸಿಗುವುದಿಲ್ಲ. ಇನ್ನೊಂದು ಆ ಮರಳಿಗೆಂದೇ ಹುಟ್ಟಿದೆ. ಬಡಗಿ ಅವನಿಗೆ ಒಂದೇ ಒಂದು ಮಾತು ಕೇಳಿದ: “ಎಷ್ಟು ಜನ ಕೂರಬೇಕು, ಯಜಮಾನರೇ?” ವರ್ತಕ, “ಅದು ಆಮೇಲಿನ ಮಾತು,” ಎಂದ.

ಮೊದಲನೆಯ ಇಳಿತ ಬಂತು. ಅವನು ಇನ್ನೂ ಯೋಚಿಸುತ್ತಿದ್ದ. ಎರಡನೆಯದಕ್ಕೆ ಸಾರೋಟನ್ನು ಮನೆಯವರೆಗೆ ತಂದ. ಹೆಂಡತಿ ಹೊಸ ಸೀರೆ ಉಟ್ಟು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಅವನಿಗೆ ಉಪ್ಪುನೀರಿನ ನೆನಪಾಯಿತು. ಉಪ್ಪಿನ ವ್ಯಾಪಾರಿಗೆ ಉಪ್ಪು ಮರಕ್ಕೆ ಏನು ಮಾಡುತ್ತದೆ ಎಂದು ಹೇಳಿಕೊಡಬೇಕೇ? ಏಳರಲ್ಲಿ ಒಂದು, ಅದರ ಬಣ್ಣ ಎದ್ದುಹೋದರೆ? ಸಾರೋಟು ತಿರುಗಿ ಬಡಗಿಯ ಅಂಗಳಕ್ಕೆ ಹೋಯಿತು. ಹೆಂಡತಿ ಸೀರೆ ಬದಲಿಸಿ ಅಡಿಗೆಮನೆಗೆ ಹೋದಳು.

ಅವನಿಗೆ ಕನಸುಗಳು ಬೀಳತೊಡಗಿದವು. ಒಂದು ಕನಸಿನಲ್ಲಿ ಏಳು ಸಾರೋಟುಗಳು ಕೊಕ್ಕರೆಯ ಸಾಲಿನಂತೆ ನೀರಿನ ಮೇಲೆ ಸದ್ದಿಲ್ಲದೆ ಹೋಗುತ್ತಿದ್ದವು, ಏಳನೆಯದರಲ್ಲಿ ಅವನಿದ್ದ. ದಂಡೆಯ ಜನರೆಲ್ಲ ಕೈ ಎತ್ತಿ ನಿಂತಿದ್ದರು. ಇನ್ನೊಂದು ಕನಸಿನಲ್ಲಿ ಓಟದ ಗಾಡಿ ಮರಳನ್ನು ಬಿಟ್ಟು ಮೇಲಕ್ಕೆದ್ದಿತ್ತು. ಕೆಳಗೆ ಆಕಾಶ, ಮೇಲೆ ಆಕಾಶ, ಅವನ ಕೈಯಲ್ಲಿ ಲಗಾಮು. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಮೈ ಹಗುರವಾಗಿರುತ್ತಿತ್ತು. ಎರಡು ಕನಸಿನಲ್ಲೂ ಹೆಂಡತಿ ಇರಲಿಲ್ಲ. ಅದು ಅವನ ಗಮನಕ್ಕೆ ಬರಲಿಲ್ಲ.

ಮೂರನೆಯ ಇಳಿತದ ಬೆಳಿಗ್ಗೆ ಹೆಂಡತಿ, “ಇವತ್ತು ನಡೆದೇ ಹೋಗೋಣ. ನನಗೆ ಗಾಡಿ ಬೇಡ,” ಎಂದಳು. ಅವನು ಅವಳ ಭುಜ ತಟ್ಟಿ, “ನಿನ್ನನ್ನು ಹಾಗೆ ಕರೆದುಕೊಂಡು ಹೋಗುವುದೇ? ಇನ್ನು ಸ್ವಲ್ಪ ತಾಳು,” ಎಂದು ಹೇಳಿ ಬಡಗಿಯ ಮನೆಗೆ ಹೊರಟ. ಆ ದಿನವಿಡೀ ಎರಡು ಗಾಡಿಗಳ ನಡುವೆ ಒಂದು ಮಣೆ ಹಾಕಿಸಿಕೊಂಡು ಕೂತಿದ್ದ.

ಅಂದಿನಿಂದ ಹೆಂಡತಿ ದಿಬ್ಬದ ಮಾತು ಎತ್ತಲಿಲ್ಲ. ತನ್ನ ಕಾಳಜಿ ಅವಳಿಗೆ ಕೊನೆಗೂ ಅರ್ಥವಾಯಿತು ಎಂದು ವರ್ತಕ ನೆಮ್ಮದಿಪಟ್ಟ.

ನಾಲ್ಕನೆಯ ಇಳಿತಕ್ಕೆ ಅವನು ತೀರ್ಮಾನಿಸಿದ. ಓಟದ ಗಾಡಿಯೇ ಸರಿ. ಅದರಲ್ಲಿ ಒಬ್ಬರಿಗೇ ಜಾಗ ಎಂಬುದು ಕುದುರೆ ಕಟ್ಟಿದ ಮೇಲೆ ಅವನ ಕಣ್ಣಿಗೆ ಬಿತ್ತು. ನಗಬೇಡ, ಮಲ್ಲಿನಾಥ. ಎರಡು ವರ್ಷ ಒಂದು ವಸ್ತುವನ್ನೇ ನೋಡುತ್ತ ಕೂತವನಿಗೆ ಅದರಲ್ಲಿ ಇಲ್ಲದ್ದು ಕಾಣುವುದು ಕಷ್ಟ. ಅವನು ಹೆಂಡತಿಗೆ, “ಮೊದಲು ನಾನು ಹೋಗಿ ದಾರಿ ನೋಡಿಕೊಂಡು ಬರುತ್ತೇನೆ. ನಿನಗೆ ಆಮೇಲೆ ಏನಾದರೂ ಮಾಡೋಣ,” ಎಂದ. ಅವಳು, “ಹೋಗಿ ಬನ್ನಿ,” ಎಂದಳು.

ಗಾಡಿ ಓಡಿತು. ಬಡಗಿ ಹೇಳಿದ್ದು ಸುಳ್ಳಲ್ಲ. ಚಕ್ರದ ಸದ್ದೂ ಕೇಳಿಸಲಿಲ್ಲ. ಎರಡೂ ಕಡೆ ನೀರು ಕನ್ನಡಿಯಂತೆ ನಿಂತಿತ್ತು. ಮುಂಚೆಯೇ ನಡೆದು ಹೊರಟಿದ್ದ ಜನರೆಲ್ಲ ಬಣ್ಣದ ಚುಕ್ಕೆಗಳಾಗಿ ಹಿಂದೆ ಸರಿದರು. ಅವನು ಬದುಕಿನಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲ. ಎಲ್ಲರಿಗಿಂತ ಮೊದಲು ದಿಬ್ಬ ಮುಟ್ಟಿದ, ಬಾವಿಯ ಬಳಿ ಮಂಡಿಯೂರಿ ಒಂದು ಬೊಗಸೆ ನೀರು ಕುಡಿದ. ನಿಜವಾಗಿಯೂ ಸಿಹಿಯಾಗಿತ್ತು.

ಆಮೇಲೆ ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೇಳಲು ಅವನಲ್ಲಿ ಮಾತಿರಲಿಲ್ಲ. ಇದ್ದರೂ ಕೇಳುವವರಿರಲಿಲ್ಲ. ಕಡಲು ಬಹಳ ದೂರದಲ್ಲಿ ಉಸಿರಾಡುತ್ತಿತ್ತು.

ತುಂಬ ಹೊತ್ತಾದ ಮೇಲೆ ಮೊದಲಿಗಳಾಗಿ ನಡೆದು ಬಂದವಳು ಒಬ್ಬ ಬೆಸ್ತರ ಮುದುಕಿ. ಅವಳು ಇಳಿತ ತಪ್ಪಿಸುವವಳಲ್ಲ. ದಿಬ್ಬದ ಬಂಡೆಗಳಿಂದ ಚಿಪ್ಪು ಕೀಳಲು ಬರುತ್ತಿದ್ದಳು. ಅವನನ್ನು ನೋಡಿ, “ಒಬ್ಬರೇ ಬಂದಿರಾ, ಒಡೆಯಾ?” ಎಂದಳು. “ಹೋದ ಇಳಿತಕ್ಕೆ ಅಮ್ಮನವರೂ ಒಬ್ಬರೇ ಬಂದಿದ್ದರು.”

ವರ್ತಕ ಎದ್ದು ನಿಂತ.

“ನಡೆದುಕೊಂಡೇ ಬಂದಿದ್ದರು. ನೀರು ಕುಡಿದು, ನೀವು ಬರುತ್ತೀರೇನೋ ಎಂದು ದಂಡೆಯ ಕಡೆಗೇ ನೋಡುತ್ತ ಕೂತಿದ್ದರು. ಉಬ್ಬರ ಏರತೊಡಗಿತು. ಹೇಳಬೇಕೆಂದು ತಂದ ಮಾತನ್ನು ಹೊತ್ತು ತಿರುಗಿ ಹೋಗಲು ಅವರಿಂದಾಗಲಿಲ್ಲ. ಕೇಳಲು ಯಾರೂ ಇರಲಿಲ್ಲ. ನಾನು ಬುಟ್ಟಿ ಇಳಿಸಿ ಕೂತು ಕೇಳಿದೆ.”

“ಏನು ಹೇಳಿದಳು?”

“ಅದನ್ನು ಹೇಗೆ ಹೇಳಲಿ, ಒಡೆಯಾ? ಇನ್ನು ಅವರೂ ಹೇಳುವ ಹಾಗಿಲ್ಲ.”

“ಒಳ್ಳೆಯದೋ ಕೆಟ್ಟದ್ದೋ, ಅಷ್ಟಾದರೂ ಹೇಳು.”

ಮುದುಕಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. “ಕೇಳಿ ನನಗೆ ಅಳು ಬಂತು. ಇಷ್ಟು ಹೇಳಬಹುದು. ಆ ಅಳು ನನ್ನದು,” ಎಂದಳು.

ವರ್ತಕ ಗಾಡಿ ಹತ್ತಲಿಲ್ಲ. ಕುದುರೆಯನ್ನು ಹಿಡಿದುಕೊಂಡು ಇಡೀ ದಾರಿ ನಡೆದು ಬಂದ. ನಡೆಯುವುದಕ್ಕೆ ಆ ದಾರಿ ಅಷ್ಟೇನೂ ಉದ್ದವಿರಲಿಲ್ಲ. ಎದುರಿಗೆ ಜನ ಇಬ್ಬಿಬ್ಬರಾಗಿ ಬರುತ್ತಿದ್ದರು. ಮನೆ ಮುಟ್ಟಿದಾಗ ಹೆಂಡತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. “ಗಾಡಿ ಚೆನ್ನಾಗಿ ಓಡಿತೇ?” ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವನು ಅವಳ ಎದುರಿಗೆ ನೆಲದ ಮೇಲೆ ಕೂತು, “ಎಲ್ಲರಿಗಿಂತ ಮೊದಲು ಮುಟ್ಟಿದೆ,” ಎಂದು ಅತ್ತ.

ಆಮೇಲೆ ಅವರು ಬಹಳ ವರ್ಷ ಜೊತೆಯಾಗಿ ಬದುಕಿದರು. ಅವಳು ದಿನಕ್ಕೆ ನೂರು ಮಾತು ಆಡುತ್ತಿದ್ದಳು. ಮಳೆಯದು, ಸೊಪ್ಪಿನದು, ನೆರೆಮನೆಯದು. ಅವನು ಒಂದಕ್ಕೂ ಬಾಯಿ ಹಾಕದೆ ಕೇಳುತ್ತಿದ್ದ, ಇವುಗಳ ನಡುವೆ ಆ ಮಾತು ಎಂದಾದರೂ ಜಾರಿ ಬಂದೀತು ಎಂದು. ಬಂತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಅದನ್ನು ಮೊದಲು ಕೇಳಿದ್ದರಲ್ಲವೇ ಗುರುತು ಸಿಗುವುದು?

ಅಜ್ಜನವರು ಕತೆ ನಿಲ್ಲಿಸಿದರು. ಮೊರದಲ್ಲಿ ಬೀಜಗಳು ಗುಡ್ಡೆಯಾಗಿದ್ದವು. ಕಟ್ಟೆಯ ಮೇಲಿನ ನೆರಳು ಮಲ್ಲಿನಾಥನ ಕಾಲು ದಾಟಿ ಅಂಗಳಕ್ಕೆ ಹೋಗಿತ್ತು. ಅವನ ಕಣ್ಣಲ್ಲಿ ಇನ್ನೂ ಆ ಒದ್ದೆ ಮರಳಿತ್ತು.

“ಆಕಿ ಏನ ಹೇಳಿರಬೇಕ್ರಿ, ಅಜ್ಜಾರ?” ಎಂದು ಮೆಲ್ಲಗೆ ಕೇಳಿದ.

ಅಜ್ಜನವರು ಎರಡೂ ಚಿತ್ರಗಳನ್ನು ಅಂಟು ಬೆರಳಿನಿಂದಲೇ ಎತ್ತಿ ಅವನ ಕೈಗೆ ಕೊಟ್ಟರು.

“ನಿನ್ನ ಕಾರಿನ್ಯಾಗ ಕುಂತಾಕಿ ಇನ್ನೂ ಅಲ್ಲೇ ಅದಾಳೇನು, ಮೊದಲ ಅದನ್ನ ನೋಡು.”